ಹದಿನೈದು ಮಂದಿಯ ಸಹಿ

ಯಾವೂರಪಾ ನಿಂದು ಅಂತ ಯಾರಾದರೂ ಕೇಳಿದರೆ ಜಕ್ಕಪ್ಪನಿಗೆ ಸಿಟ್ಟು ಬರುತ್ತಿತ್ತು. ಬರದೆ ಏನು ಮಾಡೀತು? ಅವನು ಹುಟ್ಟಿದ್ದು ಕೃಷ್ಣಾ ನದಿ ದಂಡೆಯ ಒಂದು ಗಾಣದ ಮನೆಯ ಹಿಂದೆ. ಈಗ ಆ ಗಾಣವೂ ಇಲ್ಲ, ಅದು ನಿಂತಿದ್ದ ಹೊಲವೂ ಇಲ್ಲ. ಎರಡರ ಮೇಲೂ ಹಿನ್ನೀರು ನಿಂತು ಅಲ್ಲಿ ಮೀನು ಹಿಡಿಯುತ್ತಾರೆ. ಊರು ಮುಳುಗಿದಾಗ ಬೇರೆ ಕಡೆ ಜಾಗ ಸಿಕ್ಕಿದ್ದು ಹೊಲ ಮನೆ ಇದ್ದವರಿಗೆ. ಮಂದಿಯ ಗಾಣದಲ್ಲಿ ದುಡಿದು ಅಲ್ಲೇ ಮಲಗುತ್ತಿದ್ದ ಅವನ ಅಪ್ಪನನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಅವನ ಕಸುಬು ಬೆಲ್ಲದ ಹದ ನೋಡುವುದು. ಕಡಾಯಿಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆಗಿಡದ ಲೋಳೆ ಎಷ್ಟು ಹಾಕಬೇಕು, ನೊರೆ ಎಷ್ಟು ಸಲ ತೆಗೆಯಬೇಕು, ಯಾವ ಗಳಿಗೆಗೆ ಒಲೆಯಿಂದ ಇಳಿಸಬೇಕು, ಇಷ್ಟು ಗೊತ್ತಿದ್ದವನಿಗೆ ಗಾಣದಲ್ಲಿ ಮರ್ಯಾದೆ. ಒಂದು ಗಳಿಗೆ ತಡವಾದರೆ ಬೆಲ್ಲ ಕಪ್ಪಾಗುತ್ತದೆ, ಒಂದು ಗಳಿಗೆ ಮೊದಲಾದರೆ ಅಚ್ಚಿಗೆ ಹಾಕಿದ ಪೆಂಟೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಜಕ್ಕಪ್ಪನ ಕೈಯಲ್ಲಿ ಎರಡೂ ಆಗುತ್ತಿರಲಿಲ್ಲ. ಆದರೆ ಹದ ಬಲ್ಲ ಕೈಗೆ ಗಾಣವೇ ಉಳಿಯದಿದ್ದರೆ? ಈ ಹೊಳೆಸಾಲಿನ ನಾಲ್ಕು ತಾಲೂಕುಗಳಲ್ಲಿ ಒಂದು ಸಕ್ಕರೆ ಕಾರ್ಖಾನೆ ಶುರುವಾದರೆ ಸುತ್ತಲಿನ ಹತ್ತು ಗಾಣ ಆರುತ್ತವೆ. ಇವತ್ತು ಗಾಣ ಹೂಡಿದ ಧಣಿ ಎರಡು ವರ್ಷಕ್ಕೆ ಕಬ್ಬನ್ನೆಲ್ಲ ಲಾರಿಗೆ ಏರಿಸಿ ಕೈ ತೊಳೆದುಕೊಳ್ಳುತ್ತಾನೆ. ಆಗ ಜಕ್ಕಪ್ಪ, ಹೆಂಡತಿ ಕಾವೇರಿ, ಮಗಳು ಸುವರ್ಣಾ ಗಂಟು ಕಟ್ಟಬೇಕು. ಹದಿನೇಳು ವರ್ಷದಲ್ಲಿ ಒಂಬತ್ತು ಮನೆ. ಸುವರ್ಣಾ ಒಂದನೇ ಇಯತ್ತೆಯಿಂದ ಪಿಯುಸಿ ತನಕ ಏಳು ಸಾಲಿ ನೋಡಿದಳು.

ಆದರೂ ಒಂದು ಮಾತು ಖರೆ. ಹೋದಲ್ಲೆಲ್ಲ ಅವರಿಗೆ ಮಂದಿ ಸಿಕ್ಕರು. ಹೊಸ ಗಾಣದ ಮೊದಲ ಕಡಾಯಿ ಇಳಿಸಿದ ದಿನ ಕಾವೇರಿ ಇನ್ನೂ ಗಟ್ಟಿಯಾಗದ ಬಿಸಿ ಬೆಲ್ಲವನ್ನು ಡಬರಿಯಲ್ಲಿ ಹಾಕಿಕೊಂಡು ಹತ್ತಿರದ ಮನೆಗಳಿಗೆ ಹೋಗುತ್ತಿದ್ದಳು. ನಮ್ಮ ಕಡೆ ಇನ್ನೊಬ್ಬರ ಡಬರಿಯನ್ನು ಬರಿದು ಮಾಡಿ ಯಾರೂ ತಿರುಗಿ ಕೊಡುವುದಿಲ್ಲ. ಒಬ್ಬರು ಜೋಳದ ಹಿಟ್ಟು ಹಾಕಿ ಕೊಡುತ್ತಿದ್ದರು, ಒಬ್ಬರು ಶೇಂಗಾ ಹಿಂಡಿ. ಎಂಟು ದಿನ ಕಳೆಯುವುದರೊಳಗೆ ಒಬ್ಬಳು ಅಕ್ಕ, ಒಬ್ಬ ಕಾಕಾ, ಒಬ್ಬಳು ಆಯಿ ಆಗಿಬಿಡುತ್ತಿದ್ದರು. ಸಾವಳಗಿಯ ಹತ್ತಿರ ಗಾಣ ಹೂಡಿದ್ದ ಪರಮಾನಂದ ಧಣಿಯಾಗಿದ್ದರೂ ಜಕ್ಕಪ್ಪನ ಜೊತೆ ಒಂದೇ ಗಂಗಾಳದಲ್ಲಿ ಉಂಡವನು. ಮುಧೋಳದ ಆಚೆಯ ತೋಟದ ದುಂಡೇಶ, ಕಾವೇರಿಗೆ ಎರಡನೆಯ ಹೆರಿಗೆಯಲ್ಲಿ ಕೂಸು ಹೊಟ್ಟೆಯಲ್ಲೇ ಹೋದಾಗ, ಹೊಳೆ ಬಂದು ರಸ್ತೆ ಮುಚ್ಚಿದ್ದರೂ ಟ್ರ್ಯಾಕ್ಟರ್ ಹೊಡೆದುಕೊಂಡು ದವಾಖಾನೆ ಮುಟ್ಟಿಸಿದವನು. ಗಾಣ ಸಿಗದ ಎರಡು ವರ್ಷ ಬನಹಟ್ಟಿಯ ನೇಕಾರರ ಓಣಿಯಲ್ಲಿದ್ದು ಜಕ್ಕಪ್ಪ ನೂಲಿನ ಗಂಟು ಹೊತ್ತ. ಅಲ್ಲಿ ಮನೆಯೊಡತಿ ಉಜ್ವಲಾ ಅವನನ್ನು ಅಣ್ಣ ಎಂದಳು, ಕಾವೇರಿಯನ್ನು ವೈನಿ ಎಂದಳು, ಪಂಚಮಿಗೆ ಸುವರ್ಣಾಳನ್ನು ತನ್ನ ಮಕ್ಕಳ ಜೊತೆ ಜೋಕಾಲಿಗೆ ಕೂರಿಸಿದಳು.

ಈಗ ಅವರು ಇದ್ದದ್ದು ಬೀಳಗಿಯ ಹತ್ತಿರ, ಮಾದೇವಿ ಎಂಬ ವಿಧವೆಯ ಹೊಲದಲ್ಲಿ. ಬಂದು ವರ್ಷವೂ ತುಂಬಿರಲಿಲ್ಲ. ಈ ಸಲ ಗಾಣ ಹೂಡುವುದಿಲ್ಲ, ಕಬ್ಬು ಕಾರ್ಖಾನೆಗೆ ಎಂದು ಮಾದೇವಿ ಪಂಚಮಿಯಲ್ಲೇ ಹೇಳಿಬಿಟ್ಟಿದ್ದಳು. ಅತ್ತ ಪರಮಾನಂದ ನಿಂತ ಗಾಣವನ್ನು ಮತ್ತೆ ಹೂಡುವವನಿದ್ದ. ದೀಪಾವಳಿಗೆ ಸಾವಳಗಿಗೆ ಬರುತ್ತೇನೆಂದು ಜಕ್ಕಪ್ಪ ಅವನಿಗೆ ಮಾತು ಕೊಟ್ಟಿದ್ದ.

ಅಷ್ಟರಲ್ಲಿ ಸುವರ್ಣಾಳಿಗೆ ಬಾಗಲಕೋಟೆಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಮೂರು ವರ್ಷದ ಕೋರ್ಸು. ಹಾಸ್ಟೆಲ್ಲಿನ ಪಟ್ಟಿಯಲ್ಲೂ ಹೆಸರು ಬಂತು. ಆ ಹುಡುಗಿ ಅತ್ತದ್ದು ಸೀಟು ಸಿಕ್ಕಿದ್ದಕ್ಕಲ್ಲ, ಹಾಸ್ಟೆಲ್ ಸಿಕ್ಕಿದ್ದಕ್ಕೆ. ಮೂರು ವರ್ಷ ಒಂದೇ ಕಾಟಿನ ಮೇಲೆ ಮಲಗುತ್ತೇನೆ ಎಂದು ತಾಯಿಗೆ ಮತ್ತೆ ಮತ್ತೆ ಹೇಳಿದಳು. ಆದರೆ ಹಾಸ್ಟೆಲ್ಲಿನವರು ಒಂದು ಕಾಗದ ಕೇಳಿದರು. ತಂದೆ ಯಾವ ಊರಿನ ಕಾಯಂ ವಾಸಿ, ಅದರ ಸರ್ಟಿಫಿಕೇಟು. ಬರುವ ಸೋಮವಾರ ಸಂಜೆಯ ಒಳಗೆ ಕೊಡಬೇಕು, ಇಲ್ಲವಾದರೆ ಆ ಜಾಗ ಪಟ್ಟಿಯ ಮುಂದಿನ ಹುಡುಗಿಗೆ.

ಜಕ್ಕಪ್ಪ ಮರುದಿನವೇ ಇಲ್ಲಿನ ತಲಾಠಿಯ, ಅಂದರೆ ಗ್ರಾಮಲೆಕ್ಕಿಗನ, ಹತ್ತಿರ ಹೋದ. ವರ್ಷವೂ ಆಗದವನಿಗೆ ನಾನು ಹೇಗೆ ಬರೆದುಕೊಡಲಿ, ಬಹಳ ವರ್ಷ ಎಲ್ಲಿದ್ದೆಯೋ ಅಲ್ಲಿಂದ ತಾ ಎಂದ ಅವನು. ಬಹಳ ವರ್ಷ ಎಲ್ಲಿದ್ದ? ಎಲ್ಲಿಯೂ ಇಲ್ಲ. ಪರಮಾನಂದನಿಗೆ ಫೋನು ಹಚ್ಚಿದ. ಅವನು ನಕ್ಕುಬಿಟ್ಟ. ಆಧಾರಿನ ಫೋಟೋ ಕಳಿಸು, ಊರಿನ ಐದು ಮಂದಿ ಪಂಚರನ್ನು ಸಾಕ್ಷಿಗೆ ನಿಲ್ಲಿಸಿ ಪಂಚನಾಮೆ ನಾನು ಮಾಡಿಸುತ್ತೇನೆ, ನೀನು ಹುಡುಗಿಯ ಬಟ್ಟೆಬರೆ ನೋಡು ಎಂದ.

ಅಷ್ಟಕ್ಕೆ ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮರುದಿನ ಪರಮಾನಂದನ ಫೋನು ಹತ್ತಲಿಲ್ಲ, ಅದರ ಮರುದಿನವೂ ಹತ್ತಲಿಲ್ಲ. ಜಕ್ಕಪ್ಪನ ಜೀವ ಬಾಯಿಗೆ ಬಂತು. ದುಂಡೇಶನಿಗೆ ಹೇಳಿದ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ದುಂಡೇಶ ಬೈದು, ಸಂಜೆಯೊಳಗೆ ಐದು ಮಂದಿಯ ಸಹಿ ಹಾಕಿಸಿ ಅರ್ಜಿ ಕೊಟ್ಟೇಬಿಟ್ಟ. ಇತ್ತ ಕಾವೇರಿಗೆ ಗಂಡಸರ ಓಡಾಟದ ಮೇಲೆ ನಂಬಿಕೆ ಇರಲಿಲ್ಲ. ಗಂಡನಿಗೆ ಒಂದು ಮಾತೂ ಹೇಳದೆ ಬನಹಟ್ಟಿಯ ಉಜ್ವಲಾಗೆ ಫೋನು ಮಾಡಿದಳು. ಉಜ್ವಲಾ ಸೆರಗು ಬಿಗಿದು ಓಣಿಯ ಐದು ಮಂದಿಯನ್ನು ತಲಾಠಿಯ ಮುಂದೆ ಕೂರಿಸಿದಳು. ಆ ಹೊತ್ತಿಗೆ ಸಾವಳಗಿಯಲ್ಲೂ ಪಂಚನಾಮೆ ಆಗಿಹೋಗಿತ್ತು. ಪರಮಾನಂದನ ಫೋನು ಬಾವಿಗೆ ಬಿದ್ದಿತ್ತಂತೆ, ಅಷ್ಟೇ ಸಮಾಚಾರ.

ಮೂರೂ ಕಡೆ ಮಂದಿ ಒಂದೇ ಮಾತು ಬರೆಸಿದ್ದರು. ಜಕ್ಕಪ್ಪ ಹತ್ತು ವರ್ಷಕ್ಕಿಂತ ಹೆಚ್ಚಾಗಿ ನಮ್ಮಲ್ಲೇ ವಾಸವಿದ್ದಾನೆ, ನಮ್ಮವನು, ನಾವು ಬಲ್ಲೆವು. ಯಾರೂ ದುಡ್ಡಿಗೆ ಬರೆಸಿದ್ದಲ್ಲ, ಯಾರ ಅಂಜಿಕೆಗೂ ಬರೆಸಿದ್ದಲ್ಲ. ಹುಡುಗಿಗೆ ಒಳ್ಳೆಯದಾಗುವಾಗ ಎರಡು ಮೂರು ವರ್ಷವನ್ನು ಹತ್ತು ಅಂದರೆ ಏನು ಕಡಿಮೆಯಾಯಿತು ಅಂದುಕೊಂಡರು. ಅವರಲ್ಲಿ ಇಬ್ಬರಿಗೆ ಸಹಿ ಬಾರದು, ಹೆಬ್ಬೆಟ್ಟು ಒತ್ತಿದ್ದರು.

ಶನಿವಾರ ಬೆಳಿಗ್ಗೆ ಜಕ್ಕಪ್ಪ ಕಾಗದ ತರಲು ಬಾಗಲಕೋಟೆಯ ಕಚೇರಿಗೆ ಹೋದಾಗ ಗುಮಾಸ್ತ ಕಂಪ್ಯೂಟರನ್ನೊಮ್ಮೆ ನೋಡಿದ, ಇವನನ್ನೊಮ್ಮೆ ನೋಡಿದ. ಒಂದೇ ಆಧಾರ ನಂಬರಿಗೆ ಮೂರು ತಾಲೂಕಿನಿಂದ ಮೂರು ಅರ್ಜಿ ಬಂದು ಮೂರೂ ಸಿಕ್ಕಿಹಾಕಿಕೊಂಡಿದ್ದವು.

"ಜಕ್ಕಪ್ಪ, ನೀ ಏನ ದೇವರೇನಪಾ? ಹತ್ತು ವರ್ಷ ಒಮ್ಮಿಗೇ ಮೂರು ಊರಾಗ ಹೆಂಗ ಇದ್ದಿ?"

ಜಕ್ಕಪ್ಪ ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದ, ಬನಹಟ್ಟಿಯ ಅರ್ಜಿ ಅವನಿಗೂ ಹೊಸದು. ಗುಮಾಸ್ತ ಕೆಟ್ಟವನೇನಲ್ಲ, ಕೇಳಿಸಿಕೊಂಡ. ಇವನು ಎರಡು ಅರ್ಜಿ ಸುಳ್ಳು ಎಂದು ಬರೆದುಕೊಟ್ಟರೆ ಮೂರನೆಯದನ್ನು ಸೋಮವಾರ ಮುಂಜಾನೆಯೇ ಸಾಹೇಬರ ಸಹಿಗೆ ಇಡುತ್ತೇನೆ ಎಂದ. ಹಾಗಾದರೆ ಆ ಎರಡು ಕಡೆಯ ಪಂಚರ ಗತಿ ಏನು ಎಂದು ಜಕ್ಕಪ್ಪ ಕೇಳಿದ.

"ನೋಟೀಸ ಹೊಕ್ಕಾವ. ಸರ್ಕಾರಕ್ಕ ಸುಳ್ಳು ಸಾಕ್ಷಿ ಹೇಳ್ಯಾರಲ್ಲ. ಹತ್ತೂ ಮಂದಿ ಬಂದು ಜವಾಬು ಕೊಡಬೇಕಾಕ್ಕೈತಿ. ಮೂರೂ ಅರ್ಜಿ ಹಿಂದಕ್ಕ ತಗೊಂಡ್ರ ಮಾತ್ರ ಯಾರಿಗೂ ನೋಟೀಸ ಇಲ್ಲ."

ಜಕ್ಕಪ್ಪನಿಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಮೇಜು ಗುದ್ದಿದ. ನನ್ನನ್ನು ಒಳಗೆ ಹಾಕು, ಅವರ ಹೆಸರು ಎತ್ತಬೇಡ ಎಂದು ಕೂಗಿದ. ನಿಮ್ಮ ಕಾಗದಕ್ಕೆ ಬೆಂಕಿ ಹಚ್ಚ ಎಂದ. ಸಿಪಾಯಿ ಬಂದು ರಟ್ಟೆ ಹಿಡಿದು ಹೊರಗೆ ಬಿಟ್ಟ. ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಬಿಚ್ಚಿದ ರುಮಾಲನ್ನು ಮತ್ತೆ ಸುತ್ತಿಕೊಂಡ. ಕೂಗಿ ಏನು ಬಂತು? ಸೋಮವಾರ ಮುಂದಕ್ಕೆ ಹೋಯಿತೇನು?

ಮನೆಗೆ ಬಂದು ಹೇಳಿದಾಗ ಕಾವೇರಿ ತಾನೂ ಫೋನು ಮಾಡಿದ್ದನ್ನು ಒಪ್ಪಿಕೊಂಡಳು. ಅವನು ಬೈಯುತ್ತಾನೆಂದು ಕಾದಳು. ಅವನು ಬೈಯಲಿಲ್ಲ. ಅದನ್ನು ನೋಡಿ ಅವಳಿಗೆ ಹೆಚ್ಚು ಅಂಜಿಕೆಯಾಯಿತು. ಆಮೇಲೆ ಅವಳೇ ಮಾತು ತೆಗೆದಳು. ಸಾವಳಗಿಗೆ ಹೇಗೂ ಹೋಗುವವರಿದ್ದೇವೆ, ಅದೊಂದನ್ನು ಖರೆ ಎನ್ನೋಣ, ಮುಧೋಳ, ಬನಹಟ್ಟಿ ಎರಡನ್ನೂ ಸುಳ್ಳೆಂದು ಬರೆದುಕೊಡೋಣ ಎಂದಳು.

"ಬೈಕೊಳ್ಳಲಿ. ಹತ್ತು ಮಂದಿ ಬೈತಾರ, ಬೈಲಿ. ನಾವೇನ ತಿರುಗಿ ಆ ಊರಿಗಿ ಹೊಕ್ಕೇವೇನ್ರಿ? ಹುಡುಗಿ ಉಳದ್ರ ಸಾಕು ನನಗ."

"ಉಜ್ವಲಾನ ಗಂಡನ ಸಹಿ ಐತಿ ಅದರಾಗ. ಮೊನ್ನಿಮೊನ್ನಿ ಪುರಸಭಾದಾಗ ನೀರು ಬಿಡೋ ಕೆಲಸಕ್ಕ ತಗೊಂಡಾರ ಅವನ್ನ. ಇನ್ನಾ ಕಾಯಂ ಆಗಿಲ್ಲ. ನೋಟೀಸ ಹೋದ್ರ ಇಡತಾರೇನ ಅವನ್ನ?"

ಕಾವೇರಿ ಸೋಲಲಿಲ್ಲ, ಉಜ್ವಲಾನ ಮಕ್ಕಳಿಗೆ ಅಪ್ಪನ ಪಗಾರ ಇದೆ, ನನ್ನ ಮಗಳಿಗೆ ಏನಿದೆ ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಮಗಳಿಗೆ ಅಂತ ಜಕ್ಕಪ್ಪ ಜೋಡಿಸಿಟ್ಟದ್ದು ಏನೂ ಇರಲಿಲ್ಲ. ಇದ್ದದ್ದು ಬರೀ ಮಂದಿ. ಆ ಮಂದಿಯನ್ನು ಈಗ ಕಚೇರಿಯ ಮುಂದೆ ಸುಳ್ಳರೆಂದು ನಿಲ್ಲಿಸಿದರೆ ಮಗಳಿಗೆ ಮೂರು ವರ್ಷದ ಸೂರು ಸಿಗುತ್ತದೆ. ನಿಲ್ಲಿಸದಿದ್ದರೆ ಅದೂ ಇಲ್ಲ.

ಆ ದಿನ ಅವನು ಊಟ ಮುಟ್ಟಲಿಲ್ಲ. ಹೊಲದ ಬದುವಿನ ಮೇಲೆ ಅತ್ತಿಂದಿತ್ತ ತಿರುಗಾಡಿದ. ದುಂಡೇಶನಿಗೆ ಫೋನು ಮಾಡಿ ಕೇಳೋಣ ಎಂದುಕೊಂಡ. ಕೇಳಿದರೆ ಅವನು ಏನೆನ್ನುತ್ತಾನೆಂದು ಇವನಿಗೆ ಗೊತ್ತಿತ್ತು. ನಮ್ಮದೇ ಸುಳ್ಳು ಅಂತ ಬರೆದುಕೊಡೋ, ನೋಟೀಸು ಬಂದರೆ ನೋಡಿಕೊಳ್ಳೋಣ ಎನ್ನುತ್ತಾನೆ. ಉಜ್ವಲಾ ಕೂಡ ಅದನ್ನೇ ಅನ್ನುತ್ತಾಳೆ, ಅಂದು ಹಿತ್ತಲಿಗೆ ಹೋಗಿ ಅಳುತ್ತಾಳೆ. ಅದಕ್ಕೇ ಅವನು ಫೋನು ಮಾಡಲಿಲ್ಲ. ಇಲ್ಲ ಎನ್ನಲಾರದವರನ್ನು ಕೇಳುವುದು ಕಿತ್ತುಕೊಂಡ ಹಾಗೆ ಎಂದು ಅವನಿಗೆ ಅನ್ನಿಸಿತು.

ಭಾನುವಾರ ಸುವರ್ಣಾ ತಾನಾಗಿ ಕಾಗದ, ಪೆನ್ನು ತಂದು ಅವನ ಮುಂದೆ ಕುಳಿತಳು. ಮೂರೂ ಪಂಚನಾಮೆಗಳ ಫೋಟೋ ಅವಳ ಫೋನಿಗೆ ಬಂದಿದ್ದವು. ಒಂದೊಂದೇ ಹೆಸರನ್ನು ದನಿ ಎತ್ತದೆ ಓದಿದಳು. ಎಲ್ಲರೂ ಅವಳಿಗೆ ಗೊತ್ತಿದ್ದವರೇ. ತೇರದಾಳದಿಂದ ಬಂದು ಬನಹಟ್ಟಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಸುಪಾರ್ಶ್ವ ಕಾಕಾನ ಹೆಸರು ಬಂದಾಗ ಓದು ನಿಲ್ಲಿಸಿದಳು. ಇವರು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ, ಆದರೂ ನನ್ನ ಹತ್ತನೇ ಇಯತ್ತೆಯ ಪರೀಕ್ಷೆಯಲ್ಲಿ ಸಂಜೆ ಊಟ ಬಿಟ್ಟು ಗಣಿತ ಹೇಳಿಕೊಟ್ಟರು ಎಂದಳು. ಹದಿನೈದೂ ಹೆಸರು ಮುಗಿದಾಗ ಅಪ್ಪನ ಮುಖ ನೋಡಿದಳು.

"ಹೇಳಪ್ಪಾ, ಏನ ಬರೀಲಿ?"

ಜಕ್ಕಪ್ಪನಿಗೆ ಸಹಿ ಬಿಟ್ಟರೆ ಬರೆಯಲು ಬಾರದು. ಮಗಳ ಗೋಣು ಕೊಯ್ಯುವ ಕಾಗದವನ್ನು ಮಗಳ ಕೈಯಿಂದಲೇ ಬರೆಸಬೇಕಾಗಿತ್ತು. ನೀನೇ ಹೇಳು ಬೇ, ನಿನ್ನ ಜೀವನ ಇದು ಎಂದ. ಅವಳು ಪೆನ್ನಿನ ಟೊಪ್ಪಿಗೆ ತೆಗೆದು ಕಾಯುತ್ತ ಕುಳಿತಳು. ಒಳಗೆ ಕಾವೇರಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಜಕ್ಕಪ್ಪ ಹೇಳುತ್ತ ಹೋದ, ಅವಳು ಅದನ್ನು ಕಚೇರಿಯ ಕನ್ನಡಕ್ಕೆ ತಿರುಗಿಸುತ್ತ ಹೋದಳು. ಮೂರೂ ಊರಿನ ಪಂಚರಿಗೆ ನಾನೇ ಸುಳ್ಳು ಹೇಳಿ ಸಹಿ ಮಾಡಿಸಿದ್ದೇನೆ. ಅವರು ನನ್ನ ಮಾತು ನಂಬಿ ಸಹಿ ಮಾಡಿರುತ್ತಾರೆ. ಅವರದೇನೂ ತಪ್ಪಿರುವುದಿಲ್ಲ. ಮೂರೂ ಅರ್ಜಿಗಳನ್ನು ಹಿಂದಕ್ಕೆ ಪಡೆಯುತ್ತೇನೆ. ಏನು ಶಿಕ್ಷೆ ಇದ್ದರೂ ನನಗೊಬ್ಬನಿಗೇ ಆಗತಕ್ಕದ್ದು. ಅವಳ ಅಕ್ಷರ ಎಲ್ಲಿಯೂ ಸೊಟ್ಟಗಾಗಲಿಲ್ಲ. ಬರೆದು ಮುಗಿಸಿ, ಅಪ್ಪ ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿ, ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಸೋಮವಾರ ಗುಮಾಸ್ತ ಕಾಗದವನ್ನು ಎರಡು ಸಲ ಓದಿದ. ಇದನ್ನು ಕೊಟ್ಟರೆ ನಿನಗೆ ಯಾವ ಊರಿನದೂ ಸಿಗುವುದಿಲ್ಲ, ಗೊತ್ತಿದೆಯೇನು ಎಂದ. ಜಕ್ಕಪ್ಪ ತಲೆ ಆಡಿಸಿದ. ಅರ್ಜಿಯೇ ಇಲ್ಲದ ಮೇಲೆ ನಿನ್ನ ಮೇಲೂ ಏನಿಲ್ಲ, ಹೋಗು ಎಂದು ಗುಮಾಸ್ತ ಅದನ್ನು ಮೂರೂ ಅರ್ಜಿಗೆ ಸೇರಿಸಿ ಪಿನ್ನು ಚುಚ್ಚಿ ಬದಿಗಿಟ್ಟ. ಅಲ್ಲಿಗೆ ಪಂಚರ ಮೇಲಿನದು ಮುಗಿಯಿತು. ಸಂಜೆಗೆ ಹಾಸ್ಟೆಲ್ಲಿನ ಗಡುವೂ ಮುಗಿಯಿತು.

ಆಮೇಲಿನ ಎರಡು ದಿನ ಸುವರ್ಣಾ ಮಾತಾಡಲಿಲ್ಲ. ನೀರು ಕುಡಿದಳು, ಅಷ್ಟೇ. ಕಾವೇರಿ ಗಂಡನ ಮುಂದೆ ಗಂಗಾಳ ಇಟ್ಟು ಹೋಗುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಸಾವಳಗಿಗೆ ಹೋಗುವುದಕ್ಕೆಂದು ಕಟ್ಟಿಟ್ಟ ಗಂಟುಗಳು ಬಾಗಿಲಲ್ಲೇ ಇದ್ದವು. ಒಂದು ಗಂಟಿನ ಮೇಲೆ ಕೋಳಿ ಹತ್ತಿ ಕುಳಿತರೂ ಅದನ್ನು ಓಡಿಸುವವರಿರಲಿಲ್ಲ. ಹುಡುಗಿ ಏನಾದರೂ ಮಾಡಿಕೊಂಡರೆ ಎಂಬ ಯೋಚನೆ ಬಂದು ಜಕ್ಕಪ್ಪ ಬಾವಿಯ ಹಗ್ಗ ಬಿಚ್ಚಿ ಮಾದೇವಿಯ ಮನೆಯಲ್ಲಿಟ್ಟು ಬಂದ.

ಮೂರನೆಯ ದಿನ ಸುವರ್ಣಾ ಎದ್ದು ಕುಳಿತಳು.

"ಸೀಟು ಇನ್ನಾ ಐತಿ. ಹಾಸ್ಟೆಲ್ ಅಷ್ಟ ಹೋಗೇತಿ. ಇಲ್ಲಿಂದ ಬಾಗಲಕೋಟಿಗಿ ಮುಂಜಾನೆ ಬಸ್ಸ ಅದಾವ, ಸಂಜಿಗಿ ತಿರುಗಿ ಅದಾವ. ನೀವಿಬ್ಬರೂ ಮೂರು ವರ್ಷ ಇದ ಜಾಗಾದಾಗ ಇರತೀರೇನು?"

ಅವಳು ಬಯ್ದಿದ್ದರೆ ಜಕ್ಕಪ್ಪ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ. ಇಲ್ಲಿ ಇರುವುದೆಂದರೆ ಗಾಣ ಬಿಡುವುದು. ಸುತ್ತಲೂ ಒಂದೂ ಗಾಣ ಉಳಿದಿರಲಿಲ್ಲ. ಗಾಣ ಬಿಟ್ಟರೆ ಜಕ್ಕಪ್ಪ ಯಾರು? ಕಲಿತ ವಿದ್ಯೆ ಅದೊಂದೇ, ಅದೂ ಕಾಗದದ ಮೇಲಿಲ್ಲ, ಕಣ್ಣಲ್ಲಿದೆ. ಅವನು ಚಪ್ಪಲಿ ಮೆಟ್ಟಿಕೊಂಡು ಮಾದೇವಿಯ ಕಟ್ಟೆಗೆ ಹೋದ.

ಮಾದೇವಿ ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ. ಕಡಾಯಿಯನ್ನು ಗುಜರಿಯವನಿಗೆ ಹಾಕಿದ್ದೇನೆ, ಗಾಣದ ಆಸೆ ಇಟ್ಟುಕೊಳ್ಳಬೇಡ ಎಂದಳು.

"ಖೋಲಿ ಬೇಕಾದ್ರ ಇರ್ರಿ, ಯಾರ ಬ್ಯಾಡ ಅಂತಾರ. ಆದ್ರ ಕುಂಡ್ರಿಸಿ ಕೂಳ ಹಾಕಾಕ ನನ್ನ ಕಡೆ ಆಗೂದಿಲ್ಲ ಜಕ್ಕಪ್ಪ. ಕಾರ್ಖಾನಿ ಗ್ಯಾಂಗಿನ ಕೂಡ ಕಬ್ಬು ಕಡಿಯಾಕ ಹೋಗತಿ?"

"ಹೋಗತೇನ್ರಿ ಅಕ್ಕಾರ."

ಕಬ್ಬಿನ ಹಾಲಿನ ನೊರೆ ನೋಡಿ ಇದು ಯಾವ ಮಣ್ಣಿನ ಕಬ್ಬು ಎಂದು ಹೇಳುತ್ತಿದ್ದವನು, ಗಾಣಗಳನ್ನು ನುಂಗಿದ ಲಾರಿಗೆ ಕಬ್ಬು ಏರಿಸಲು ಒಪ್ಪಿಬಂದ. ದಾರಿಯಲ್ಲಿ ಯಾರೋ ಮಾತಾಡಿಸಿದರು, ಅವನಿಗೆ ಕೇಳಲಿಲ್ಲ.

ಉಳಿದದ್ದು ಪರಮಾನಂದನಿಗೆ ಹೇಳುವ ಮಾತು. ಬೆಳಿಗ್ಗೆಯಿಂದ ಫೋನು ಕೈಯಲ್ಲಿ ಹಿಡಿದು ಕುಳಿತ. ಕರೆದ ಮಂದಿಗೆ ಬರುವುದಿಲ್ಲ ಎಂದು ಈ ಜನ್ಮದಲ್ಲಿ ಅಂದವನಲ್ಲ. ಕಡೆಗೆ ಪರಮಾನಂದನೇ ಫೋನು ಮಾಡಿದ. ಹಬ್ಬ ಎಂಟು ದಿನ ಉಳಿಯಿತು, ಗಾಡಿ ಕಳಿಸಲೇನು ಎಂದ. ಜಕ್ಕಪ್ಪ ಹೇಳಿದ. ಕಾಗದದ ಕಥೆ ಹೇಳಿದ, ಮಗಳ ಕಥೆ ಹೇಳಿದ, ಬರುವುದಿಲ್ಲ ಎಂದೂ ಹೇಳಿದ.

"ನಿನ್ನ ಮ್ಯಾಲ ಹೂಡೇನಲೇ ಗಾಣ. ಹದ ನೋಡವ್ರು ಈಗ ಯಾರ ಅದಾರ ಈ ಸೀಮ್ಯಾಗ? ಎಲ್ಲಿಂದ ತರಲಿ ನಾ?"

"ತಪ್ಪಾತು ಧಣಿ."

"ಹತ್ತು ವರ್ಷ ನಮ್ಮಲ್ಲೇ ಅದಾನಂತ ಸಹಿ ಮಾಡೇನಿ ನಾ. ಮೂರು ತಿಂಗಳ ಬಾ ಅಂದ್ರ ಬರವಲ್ಲಿ."

ಫೋನು ಇಟ್ಟುಬಿಟ್ಟ. ಆ ಮೇಲೆ ಜಕ್ಕಪ್ಪ ಎರಡು ಸಲ ಹಚ್ಚಿದರೂ ಎತ್ತಲಿಲ್ಲ. ಧಣಿ ಏನಂದರು ಎಂದು ಕಾವೇರಿ ಕೇಳಿದಳು. ಏನಿಲ್ಲ ಎಂದ. ಅವಳು ಬಾಗಿಲಲ್ಲಿದ್ದ ಗಂಟುಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಂಡಳು. ಬಿಚ್ಚಲಿಲ್ಲ, ಎಳೆದುಕೊಂಡಳು ಅಷ್ಟೇ.

ದೀಪಾವಳಿ ಮುಗಿದು ಕಟಾವು ಶುರುವಾದ ದಿನ ಸುವರ್ಣಾ ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಹೋದಳು. ಜಕ್ಕಪ್ಪ ಕುಡುಗೋಲು ಹಿಡಿದು ಹೊಲಕ್ಕೆ ಹೋದ. ಗ್ಯಾಂಗಿನವರು ಪರ ಊರಿನವರು, ವಾರಕ್ಕೊಂದು ಹೊಲ ಬದಲಿಸುವವರು, ಅವನಿಗಿಂತ ಇಪ್ಪತ್ತು ವರ್ಷ ಸಣ್ಣವರು. ಎರಡು ಸಾಲು ಕಡಿಯುವುದರೊಳಗೆ ಅವನ ಅಂಗೈ ಸುಲಿದು ರಕ್ತ ಬಂತು. ಗ್ಯಾಂಗಿನ ಮುಖ್ಯಸ್ಥ ಮುಕಾದಮ ಬಂದು ಅವನ ಸಾಲು ನೋಡಿ, ಬುಡ ಬಿಟ್ಟು ಕಡಿಯುತ್ತಿದ್ದೀಯ, ಇನ್ನೂ ಕೆಳಗೆ ಹಾಕು ಎಂದ. ಹೋಗುವಾಗ ಸುಮ್ಮನೆ ಕೇಳಿದ, ಎಷ್ಟು ದಿನ ಇರತಿ ಕಾಕಾ ಅಂತ.

"ಮೂರು ವರ್ಷ" ಎಂದ ಜಕ್ಕಪ್ಪ.

ಗ್ಯಾಂಗಿನಲ್ಲಿ ಯಾರೋ ನಕ್ಕರು, ಅದನ್ನು ಕೇಳಿ ಉಳಿದವರೂ ನಕ್ಕರು. ಜಕ್ಕಪ್ಪ ಅಂಗೈಗೆ ರುಮಾಲು ಸುತ್ತಿಕೊಂಡು ಬಗ್ಗಿ ಮುಂದಿನ ಕಬ್ಬಿನ ಬುಡಕ್ಕೆ ಕುಡುಗೋಲು ಹಾಕಿದ.